ನೀ ಕಣ್ಣು ಮುಚ್ಚಿದ್ದಿ

ಮದುವೆ ಫೋಟೊದವರ ದರ್ಬಾರು ಪುರೋಹಿತರಿಗೂ ಇಲ್ಲ ಬಿಡಿ. ಗಟ್ಟಿಮೇಳ ಮೊಳಗಿ, ಅಕ್ಷತೆ ಬಿದ್ದು, ತಾಳಿ ಕಟ್ಟಿ ಎಲ್ಲ ಮುಗಿದಿರುತ್ತದೆ. ಆಗ ಕ್ಯಾಮೆರಾ ಹಿಡಿದವನು ಕೈ ಎತ್ತಿ "ಇನ್ನೊಮ್ಮಿ" ಎನ್ನುತ್ತಾನೆ. ಮದುಮಗ ತುಟಿ ಪಿಟಕ್ಕೆನ್ನದೆ ತಾಳಿ ಹಿಡಿದು ಮತ್ತೆ ಬಗ್ಗುತ್ತಾನೆ, ಬೀಗರು ಉಳಿದ ಅಕ್ಷತೆ ಹುಡುಕಿ ಮತ್ತೆ ಎಸೆಯುತ್ತಾರೆ. ಸಿರುಗುಪ್ಪದ ಬಸ್ ನಿಲ್ದಾಣದ ಎದುರು ಸ್ಟುಡಿಯೊ ಇಟ್ಟಿರುವ ಚನ್ನಬಸವರಾಜ ವರ್ಷಗಟ್ಟಲೆ ಈ ದರ್ಬಾರು ನಡೆಸಿದವನು. ಅಕಸ್ಮಾತ್ ಚಿತ್ರ ಕೆಟ್ಟರೆ ಅದಕ್ಕೂ ಅವನ ಹತ್ತಿರ ಒಂದು ಮಂತ್ರವಿತ್ತು: "ನೀವು ಕಣ್ಣು ಮುಚ್ಚಿದ್ರಿ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಫೋಟೊದಲ್ಲಿ ತಪ್ಪು ಯಾವತ್ತೂ ನಿಂತವರದೇ, ನಿಲ್ಲಿಸಿದವನದಲ್ಲ.

ಈಗ ನಾಲ್ಕು ವರ್ಷದಿಂದ ಆ ಎರಡು ಮಾತೂ ಅವನ ಬಾಯಿಂದ ಹೊರಡುವುದಿಲ್ಲ. ತಾಳಿಯ ಗಳಿಗೆ ತಪ್ಪಿದರೆ ತಪ್ಪಿತು, ಜನ ಬೈದರೆ ಬೈಸಿಕೊಂಡು ಬರುತ್ತಾನೆ. "ಇನ್ನೊಮ್ಮಿ ಕಟ್ಟಸಾಕ ನಿಮಗೇನು ಧಾಡಿ ರೀ? ಎಲ್ಲಾರೂ ಕಟ್ಟಸ್ತಾರ" ಎಂದು ಹೆಂಡತಿ ರಾಧಾ ಕೇಳಿ ಕೇಳಿ ಕೈಬಿಟ್ಟಿದ್ದಾಳೆ. ಊರಿನ ಅಕ್ಕಿ ಗಿರಣಿಯಿಂದ ಮಧ್ಯಾಹ್ನದ ಹೊತ್ತು ದಬ್ ದಬ್ ಎಂದು ಸದ್ದು ಕೇಳಿದರೆ ಅವನಿಗೆ ಯಾರೋ ಮರದ ನೆಲದ ಮೇಲೆ ಚೆಂಡು ಬಡಿಯುತ್ತಿದ್ದಾರೆ ಅನ್ನಿಸುತ್ತದೆ. ಸ್ಟುಡಿಯೊದ ಬಾಗಿಲು ಹಾಕಿಕೊಂಡು ಕೂತುಬಿಡುತ್ತಾನೆ. ಗಿರಣಿ ನಿಂತ ಮೇಲೂ ಚೆಂಡು ನಿಲ್ಲುವುದಿಲ್ಲ.

ಇಂಥವನಿಗೆ ಸೋಮವಾರ ಕುರುಗೋಡಿನಿಂದ ನೀಲಾವತಿಯ ಫೋನು ಬಂತು.

"ತಮ್ಮಾ, ಬರೋ ಭಾನುವಾರ ಬಳ್ಳಾರ್ಯಾಗ ನಮ್ಮ ಅಂಜನಾಂದು ಫೈನಲ್ ಐತಿ. ಅದೇ ಬಾಸ್ಕೆಟ್‌ಬಾಲು, ಅದೇ ಒಳಾಂಗಣ. ನೀನೇ ಬಂದು ಫೋಟೊ ಹೊಡಿಬೇಕು. ಅವ್ರಕ್ಕಂದು ಹೊಡದಿ ಅಲ್ಲಾ, ಹಂಗ."

"ಭಾನುವಾರ ಮದುವಿ ಒಂದೈತಿ ನೀಲಕ್ಕ..."

"ಸುಳ್ಳ್ಯಾಕ ಹೇಳ್ತಿ? ಈಗ ಲಗ್ನದ ದಿನಾ ಎಲ್ಲಿ ಅದಾವು? ಬಾ" ಎಂದು ಅವಳು ಇಟ್ಟೇಬಿಟ್ಟಳು.

ನೀಲಾವತಿ ಮನೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡು ಬಳ್ಳಾರಿಯ ಜೀನ್ಸ್ ಪ್ಯಾಂಟುಗಳಿಗೆ ಜೇಬು ಕೂರಿಸುವ ಹೆಂಗಸು. ಗಂಡ ಇಲ್ಲ. ಹೆಣ್ಣುಮಕ್ಕಳು ಇಬ್ಬರಿದ್ದರು, ಈಗ ಒಬ್ಬಳು. ಹೋದವಳು ಜಯಶ್ರೀ, ದೊಡ್ಡವಳು, ಹೋದಾಗ ಹದಿನೇಳು. ನಾಲ್ಕು ವರ್ಷದ ಹಿಂದೆ ಅವಳ ತಂಡದ ಕೋಚ್ ಚನ್ನಬಸವರಾಜನನ್ನು ಪಂದ್ಯದ ಫೋಟೊಗೆ ಕರೆಸಿದ್ದರು. ಅವರ ಮದುವೆಯ ಆಲ್ಬಮ್ ಮಾಡಿದವನು ಇವನೇ, ಆ ಭರವಸೆ. ಇವನೂ ಮದುವೆಗೆ ಹೋದ ಹಾಗೆಯೇ ಹೋದ. ಕ್ಯಾಮೆರಾದ ಜೊತೆ ಪೆಟ್ಟಿಗೆಯಲ್ಲೇ ಬಂದಿದ್ದ ಅಗ್ಗದ ಜೂಮ್ ಲೆನ್ಸು, ಮೇಲೊಂದು ಫ್ಲ್ಯಾಶು. ಆಟ ಶುರುವಾಗುತ್ತಲೇ ರೆಫರಿ ಸೀಟಿ ಊದಿ ಫ್ಲ್ಯಾಶ್ ಬಂದ್ ಮಾಡಿಸಿದ. ಫ್ಲ್ಯಾಶ್ ಇಲ್ಲದೆ ಆ ಲೆನ್ಸು ಕುರುಡು. ಅದರ ಬಾಯಿ ಸಣ್ಣದು, ಬೆಳಕು ಒಳಗೆ ಬರಬೇಕಾದರೆ ಹೊತ್ತು ಬೇಕು, ಅಷ್ಟು ಹೊತ್ತಿನಲ್ಲಿ ಆಡುವ ಹುಡುಗಿ ಎರಡು ಹೆಜ್ಜೆ ಮುಂದೆ ಹೋಗಿರುತ್ತಾಳೆ. ಪಂದ್ಯವಿಡೀ ತೆಗೆದದ್ದರಲ್ಲಿ ಒಂದರಲ್ಲೂ ಮುಖವಿಲ್ಲ, ಬರೀ ಬಣ್ಣದ ಗೀಟು.

ಗೆಲ್ಲಿಸಿದ ಕೊನೆಯ ಬುಟ್ಟಿ ಹಾಕಿದ್ದು ಜಯಶ್ರೀ. ಕೋಚ್‌ಗೆ ಆ ಫೋಟೊ ಬೇಕೇ ಬೇಕು. ಚನ್ನಬಸವರಾಜ ಏನು ಮಾಡಿದ? ಪಂದ್ಯ ಮುಗಿದು ಜನ ಕರಗಿದ ಮೇಲೆ ಅವಳನ್ನು ಬುಟ್ಟಿಯ ಕೆಳಗೆ ಕರೆದು, ಫ್ಲ್ಯಾಶ್ ಏರಿಸಿ, "ನೀ ಕಣ್ಣು ಮುಚ್ಚಿದ್ದಿ ಯವ್ವಾ, ಅದಕ್ಕ ಫೋಟೊ ಕೆಟ್ಟೈತಿ. ಅದೇ ಥರ ಇನ್ನೊಮ್ಮಿ ಹಾರು" ಎಂದ. ಹುಡುಗಿ ಹಾರಿದಳು. ಆ ದರಿದ್ರ ಲೆನ್ಸು ಮಂದ ಬೆಳಕಿನಲ್ಲಿ ಫೋಕಸ್ ಸಿಗದೆ ಹಿಂದೆ ಮುಂದೆ ತಡಕಾಡಿತು. ಇನ್ನೊಮ್ಮಿ ಅಂದ. ಹಾರಿದಳು. ಮತ್ತೆ ಅಂದ. ನಡುವೆ ಒಮ್ಮೆ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು, "ಅಣ್ಣಾ, ದಮ್ ಹತ್ತೈತಿ" ಎಂದು ನಕ್ಕಳು. ಇವನು ಕ್ಯಾಮೆರಾದಿಂದ ಕಣ್ಣು ತೆಗೆಯಲೇ ಇಲ್ಲ. ಕೊನೆಗೊಂದು ಅಚ್ಚುಕಟ್ಟಾಗಿ ಬಂತು.

ಮಾರನೆಯ ಬೆಳಿಗ್ಗೆ ನೀಲಾವತಿ ಮಗಳನ್ನು ಎಬ್ಬಿಸಲು ಹೋದರೆ ಮಗಳು ಏಳಲಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತು, ಯಾರಿಗೂ ಗೊತ್ತಾಗಿರಲಿಲ್ಲ ಎಂದರು ಡಾಕ್ಟರು. ಆವತ್ತಿನ ಆಟವೇ ಸಾಕಾಗಿತ್ತೇನೋ, ಇಲ್ಲವೇ ಸುಮ್ಮನೆ ಮೆಟ್ಟಿಲು ಹತ್ತಿದ್ದರೂ ಆಗುತ್ತಿತ್ತೇನೋ, ಯಾರು ಬಲ್ಲರು? ಚನ್ನಬಸವರಾಜ ಬಲ್ಲೆ ಅಂದುಕೊಂಡಿದ್ದಾನೆ. ಯಾರಿಗೂ ಹೇಳಿಲ್ಲ, ರಾಧಾಗೂ ಇಲ್ಲ. ಆ ಫೋಟೊವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕುರುಗೋಡಿನ ಮನೆಯ ಗೋಡೆಗೆ ತಾನೇ ಮೊಳೆ ಹೊಡೆದು ಬಂದ. ವರ್ಷದ ದಿನ ನೀಲಾವತಿ ತಪ್ಪದೆ ಕರೆಯುತ್ತಾಳೆ. ಮಗಳಿಗೆ ಇಷ್ಟವೆಂದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಎಡೆ ಇಟ್ಟು, ಇವನನ್ನು ಆ ಫೋಟೊದ ಕೆಳಗೇ ಕೂರಿಸಿ ಬಡಿಸುತ್ತಾಳೆ. ಇವನು ತಲೆ ಎತ್ತದೆ ತಿನ್ನುತ್ತಾನೆ. ಒಂದು ಸಲ ಸಣ್ಣವಳು ಅಂಜನಾ, "ನೋಡಣ್ಣ, ಅಕ್ಕ ಮ್ಯಾಲೇ ಅದಾಳ, ಇನ್ನಾ ಕೆಳಗ ಇಳದೇ ಇಲ್ಲ" ಅಂದಿದ್ದಳು. ತುತ್ತು ಗಂಟಲಲ್ಲೇ ನಿಂತಿತು. ನೀರು ಕೊಟ್ಟವಳು ನೀಲಾವತಿಯೇ.

ಆ ಅಂಜನಾ ಈಗ ಅಕ್ಕನ ವಯಸ್ಸಿಗೆ ಬಂದಿದ್ದಾಳೆ. ಎದೆಯ ಪರೀಕ್ಷೆಗಳನ್ನೆಲ್ಲ ಬಳ್ಳಾರಿಯಲ್ಲಿ ಮಾಡಿಸಿ, ಡಾಕ್ಟರು ಸೈ ಅಂದ ಮೇಲೆಯೇ ಅವ್ವ ಆಡಲು ಬಿಟ್ಟದ್ದು.

ಶನಿವಾರ ಚನ್ನಬಸವರಾಜ ಬಳ್ಳಾರಿಯ ಬಸ್ಸು ಹತ್ತಿದ. ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಶೇಖರ್ ಎಂಬ ಹಳೆಯ ದೋಸ್ತ್ ಲೆನ್ಸುಗಳನ್ನು ಬಾಡಿಗೆಗೆ ಕೊಡುತ್ತಾನೆ. ಒಳಾಂಗಣದ ಬಾಸ್ಕೆಟ್‌ಬಾಲ್ ಅಂದ ಕೂಡಲೇ ಅವನು ಹಿಂದುಮುಂದು ನೋಡದೆ ಮೊಣಕೈಯುದ್ದದ ಬಿಳಿ ಲೆನ್ಸೊಂದನ್ನು ಗಾಜಿನ ಮೇಲೆ ಇಟ್ಟ.

"ಎಪ್ಪತ್ತು-ಇನ್ನೂರರ ಜೂಮು. ಈ ಬುಟ್ಟಿ ಬುಡಕ ಕುಂತು ಆ ಬುಟ್ಟೀದು ಎಳಕೋಬಹುದು. ಪೇಪರ್‌ನೋರೆಲ್ಲ ಇದನ್ನ ಒಯ್ತಾರ. ಕಣ್ಣು ಮುಚ್ಚಿ ತಗೊಂಡ್ಹೋಗು."

ಚನ್ನಬಸವರಾಜ ಬೆಚ್ಚಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು ಅವನದು. "ಆ ಒಳಾಂಗಣದಾಗ ಅರ್ಧ ಲೈಟು ಉರಿಯಂಗಿಲ್ಲ. ಇದರ ಬಾಯಿ ಸಾಲಂಗಿಲ್ಲ" ಎಂದ.

"ಬಾಯಿ ಎರಡು ಪಾಯಿಂಟ್ ಎಂಟು ಐತಲ್ಲೋ! ನಿನ್ನ ಹಳೇ ಡಬ್ಬಾಕ್ಕಿಂತ ನಾಕು ಪಟ್ಟು ಬೆಳಕು."

"ಸಾಲಂಗಿಲ್ಲ. ಸೆಕೆಂಡಿನ ಐನೂರನೇ ಪಾಲಿನ್ಯಾಗ ಹೊಡಿಬೇಕು. ಕೂದಲೂ ಅಲುಗಬಾರದು."

ಶೇಖರ್ ಅವನ ಮುಖ ನೋಡಿದ. ಬಿಳಿಯದನ್ನು ಒಳಗಿಟ್ಟು, ಮುಷ್ಟಿಯಲ್ಲಿ ಹಿಡಿಯುವಷ್ಟು ಗಿಡ್ಡನೆಯ ಕರಿಯ ಲೆನ್ಸು ತೆಗೆದ. "ಹಂಗಾರ ಎಂಬತ್ತೈದು, ಒಂದು ಪಾಯಿಂಟ್ ಎಂಟು. ಬೆಳಕು ಹತ್ತು ಪಟ್ಟು ಕುಡೀತೈತಿ. ಆದ್ರ ಇದರಾಗ ಜೂಮ್ ಇಲ್ಲ, ನಿನ್ನ ಕಾಲೇ ಜೂಮು. ಹುಡುಗಿ ಭಾಳ ಸನೇಕ ಬಂದ್ರ ತಲಿ ಕಟ್ ಆಗ್ತೈತಿ. ಮತ್ತ ಫೋಕಸ್ ನೂಲಿನಷ್ಟು. ಕಣ್ಣಿಗೆ ಹಿಡದ್ರ ಕಿವಿ ಮಸುಕು."

"ಸನೇಕ ಬಂದ್ರ ಇರ್ಲಿ ಅಂತ ಐವತ್ತರದೂ ಕೊಡು. ಇನ್ನೊಂದು ಕ್ಯಾಮೆರಾಕ್ಕ ಹಾಕ್ತೀನಿ."

"ಏಮಪ್ಪಾ, ಒಂದು ಹುಡುಗೀರ ಮ್ಯಾಚಿಗೆ ಎರಡು ಕ್ಯಾಮೆರಾನಾ? ಇಷ್ಟು ಹೆದರಾಕ ಏನೈತಲೇ ಅದರಾಗ? ಕೆಟ್ರ ಮುಗದ ಮ್ಯಾಲ ನಿಂದ್ರಸಿ ಇನ್ನೊಂದು ಹೊಡಿ. ಯಾರಿಗೆ ಗೊತ್ತಾಕ್ಕೈತಿ?"

ಚನ್ನಬಸವರಾಜ ಎರಡೂ ಲೆನ್ಸುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ಈ ಸಲ ನೆವಕ್ಕೆ ಜಾಗ ಇರಬಾರದು, ಅಷ್ಟೇ ಅವನ ಹಟ. ಆಟ ನಡೆಯುವಾಗಲೇ ಆ ಹುಡುಗಿಯ ಫೋಟೊ ಸಿಗಬೇಕು. ಸಿಕ್ಕರೆ ತಾನು ಬದುಕಿದೆ ಅಂದುಕೊಂಡಿದ್ದ.

ಭಾನುವಾರ ನಾಲ್ಕು ಗಂಟೆಗೆ ಆಟ ಶುರು. ಅವನು ಅಂಕಣದ ಅಂಚಿನ ಗೆರೆಯ ಹೊರಗೆ, ಬುಟ್ಟಿಯ ಕಂಬದಿಂದ ಸ್ವಲ್ಪ ಆಚೆ ಚಕ್ಕಳಮಕ್ಕಳ ಕೂತಿದ್ದ. ನೀಲಾವತಿ ಮೇಲಿನ ಮೆಟ್ಟಿಲಲ್ಲಿದ್ದಳು. ದೊಡ್ಡವಳ ಆಟವನ್ನು ಅವಳು ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ, ಆಗೆಲ್ಲ ಹೊಲಿಗೆ ಬಿಟ್ಟು ಬರಲಾಗುತ್ತಿರಲಿಲ್ಲ. ಲೆನ್ಸು ಮಾತ್ರ ಅಪ್ಪಟ ಬಂಗಾರ. ಹಣೆಯ ಬೆವರ ಹನಿ, ಬೆರಳ ತುದಿಯಲ್ಲಿ ಚೆಂಡಿನ ಗೆರೆ, ಎಲ್ಲ ಹೊಡೆದು ನಿಲ್ಲಿಸಿದಂತೆ ಬರುತ್ತಿತ್ತು. ಅರ್ಧ ಆಟಕ್ಕೆ ಅವನ ಹೆಗಲು ಸಡಿಲವಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಕೆಲಸದಲ್ಲಿ ಖುಷಿ ಕಂಡ, ಕಂಡದ್ದಕ್ಕೆ ನಾಚಿಕೆಯೂ ಪಟ್ಟ.

ಕೊನೆಯ ನಿಮಿಷ. ಅಂಜನಾಳ ತಂಡ ಒಂದು ಪಾಯಿಂಟು ಹಿಂದೆ. ಚೆಂಡು ಅವಳ ಕೈಗೇ ಬಂತು. ಎಂಬತ್ತೈದರ ಲೆನ್ಸಿನಲ್ಲಿ ಅವಳ ಮುಖ ತುಂಬಿ ನಿಂತಿತು, ಕಣ್ಣಿಗೆ ಫೋಕಸ್ ಕೂತಿತು. ಆಗ ಅವಳು ಒಂದು ಕ್ಷಣ ನಿಂತು, ಎಡಗೈಯನ್ನು ಎದೆಯ ಮೇಲೆ ಒತ್ತಿಕೊಂಡಳು. ಅಂಗಿ ಸರಿಮಾಡಿಕೊಂಡಳೋ ಏನೋ. ಚನ್ನಬಸವರಾಜನಿಗೆ ಕಂಡದ್ದು ಅಂಜನಾ ಅಲ್ಲ. ಒಳಾಂಗಣದ ಗದ್ದಲ ಅಡಗಿ, ಕಿವಿಯ ಹತ್ತಿರವೇ, "ಅಣ್ಣಾ, ದಮ್ ಹತ್ತೈತಿ" ಎಂದು ನಗುವ ದನಿ ಕೇಳಿತು. ಅವನ ತೋರುಬೆರಳು ಬಟನಿನ ಮೇಲೆ ಕಲ್ಲಾಯಿತು. ಆ ಹುಡುಗಿ ಹಾರಿದಳು, ಚೆಂಡು ಬಲೆಯೊಳಗೆ ಇಳಿಯಿತು, ಸೀಟಿ ಮೊಳಗಿತು, ತಂಡ ಗೆದ್ದಿತು. ಇವನ ಹತ್ತಿರ ಅದರ ಫೋಟೊ ಇರಲಿಲ್ಲ.

ಜನ ಇಳಿದು ಹೋದರು. ನೀಲಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದು ಅವನ ಎದುರು ನಿಂತಳು.

"ಬಂತೇನು ತಮ್ಮಾ, ಕಡೀದು?"

"ಇಲ್ಲ ನೀಲಕ್ಕ. ಬರ್ಲಿಲ್ಲ."

"ಯಾಕ? ಕಣ್ಣು ಮುಚ್ಚಿದ್ಲೇನು?"

ಆ ಮಾತು ಇವಳಿಗೆ ಎಲ್ಲಿಂದ ಬಂತು? ನೀಲಾವತಿ ಅವನ ಉತ್ತರಕ್ಕೆ ಕಾಯದೆ, "ಅಂಜನಾ, ಬಾ ಇಲ್ಲಿ. ಬುಟ್ಟಿ ಬುಡಕ ನಿಂದ್ರು. ಅಣ್ಣ ಇನ್ನೊಮ್ಮಿ ಹಾರಸ್ತಾನ" ಎಂದು ಕೂಗಿದಳು. ಹುಡುಗಿ ಏದುಸಿರು ಬಿಡುತ್ತಲೇ ಚೆಂಡು ಎತ್ತಿಕೊಂಡು ಬಂದು, ಬುಟ್ಟಿಯ ಕೆಳಗೆ ಮೊಣಕಾಲು ಬಗ್ಗಿಸಿ ನಿಂತಳು.

ಹೂಂ ಅಂದರೆ ಮುಗಿಯುತ್ತಿತ್ತು. ಒಂದೇ ಜಿಗಿತ, ಆ ಲೆನ್ಸಿಗೆ ಎರಡನೆಯದು ಬೇಕಾಗಿರಲಿಲ್ಲ. ಅವನು ಕ್ಯಾಮೆರಾವನ್ನು ನೆಲದ ಮೇಲಿಟ್ಟ.

"ಬ್ಯಾಡವ್ವಾ ಅಂಜನಾ, ಹಾರಬ್ಯಾಡ. ಹೋಗು, ನೀರು ಕುಡಿ." ಅವಳು ಆಚೆ ಹೋಗುವವರೆಗೂ ಕಾದು, ನೀಲಾವತಿಯ ಕಾಲ ಬಳಿ ನೋಡುತ್ತ ಹೇಳಿದ. "ನೀಲಕ್ಕ, ಮನ್ಯಾಗ ಐತಿ ನೋಡು ಜಯಶ್ರೀ ಫೋಟೊ, ಅದು ಮ್ಯಾಚಿಂದಲ್ಲ. ಮ್ಯಾಚಿನ್ಯಾಗ ನನಗ ಒಂದೂ ಬಂದಿರ್ಲಿಲ್ಲ, ತಪ್ಪು ಲೆನ್ಸ್ ತಗೊಂಡ್ಹೋಗಿದ್ದೆ. ಆಕಿ ಕಣ್ಣು ಮುಚ್ಚಿದ್ಲು ಅಂತ ಸುಳ್ಳು ಹೇಳಿ ಮತ್ತ ಹಾರಸಿದೆ. ದಮ್ ಹತ್ತೈತಿ ಅಂದ್ಲು. ಅಂದ್ರೂ ಹಾರಸಿದೆ. ನಾನು ಕೇಳ್ಲಿಲ್ಲ ನೀಲಕ್ಕ. ನಾನು ಕೇಳ್ಬೇಕಾಗಿತ್ತು."

ಬೈಯುತ್ತಾಳೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದು ಕಾದ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮೆಲ್ಲಗೆ ಮೊದಲ ಮೆಟ್ಟಿಲ ಮೇಲೆ ಕೂತಳು.

"ಗೊತ್ತೈತಿ" ಎಂದಳು. "ಆವತ್ತೇ ಸಂಜಿಕೆ ಉಣ್ಣಾಕ ಕುಂತಾಗ ಹೇಳಿದ್ಲು. ನಿನ್ನ ಕ್ಯಾಮೆರಾದಾಗ ಇಣುಕಿ ನೋಡಿದ್ಲಂತ. 'ಯವ್ವಾ, ನಾ ಕಣ್ಣು ಮುಚ್ಚಿರ್ಲಿಲ್ಲ, ಅಣ್ಣಂದೇ ಎಲ್ಲಾ ಅಲುಗ್ಯಾಡಿದ್ವು. ಕೋಚ್ ಬೈತಾರಂತ ಮಾರಿ ಸಣ್ಣದು ಮಾಡಿಕೊಂಡಿದ್ದ, ಪಾಪ. ಅದಕ್ಕ ಹಾರಿದೆ' ಅಂತ ನಕ್ಕಳು."

ಚನ್ನಬಸವರಾಜ ತಲೆ ಎತ್ತಿ ಅವಳ ಮುಖ ನೋಡಿದ. "ಮತ್ತ... ವರ್ಷಾ ವರ್ಷಾ ನನ್ನ ಕರದಿ ಅಲ್ಲಾ?"

"ನೀನಾಗೇ ಹೇಳ್ತಿ ಅಂತ ಕರದೆ. ಈ ಸಲ ಹೇಳ್ತಾನ, ಈ ಸಲ ಹೇಳ್ತಾನ ಅಂತ ಆಕಿ ಫೋಟೊದ ಕೆಳಗೇ ಕುಂದ್ರಿಸಿ ಎಡಿ ಬಡಿಸಿದೆ. ನೀ ಉಂಡು ಕೈ ತೊಳಕೊಂಡು ಹೋದಿ."

ಅಳು ಬರುತ್ತಿದ್ದರೂ ಅಳಲು ತನಗೆ ಹಕ್ಕಿಲ್ಲ ಅನ್ನಿಸಿ ಅವನು ಹಲ್ಲು ಕಚ್ಚಿ ನಿಂತ. ನೀಲಾವತಿ ಖಾಲಿ ಅಂಕಣದ ಬುಟ್ಟಿಯ ಕಡೆ ನೋಡಿದಳು. ಆಮೇಲೆ, ಜೇಬಿನ ಹೊಲಿಗೆ ಎಷ್ಟು ಇಂಚು ಎಂದು ಕೇಳುವವಳ ದನಿಯಲ್ಲಿ ಕೇಳಿದಳು:

"ಎಷ್ಟು ಸಲ ಹಾರಸಿದಿ?"

ಅವನು ಸುಳ್ಳು ಹೇಳಬಹುದಿತ್ತು.

"ಒಂಬತ್ತು."

ನೀಲಾವತಿ ಎರಡೂ ಕೈಗಳಿಂದ ಮೆಟ್ಟಿಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

"ನನಗ ಮೂರು ಅಂದಿದ್ಲು" ಎಂದಳು.