ಮಾತು ನಿಲ್ಲಿಸಿದ ಕಂಪ್ಯೂಟರು

"ಏನು ಬಂತು ಅಂತ ಓದೇ," ಎಂದು ಯೋಗೇಂದ್ರ ಕುರ್ಚಿಯ ತುದಿಗೆ ಜರುಗಿದ.

ಬಿಂದು ಅವರೆಕಾಯಿ ಸುಲಿಯುತ್ತಿದ್ದ ಮೊರವನ್ನು ಬದಿಗಿಟ್ಟು ಪರದೆ ನೋಡಿದಳು. "ಜಾಗ ಇಲ್ವಂತೆ ರೀ. ರಿಸ್ಟೋರ್ ಮಾಡಕ್ಕೆ ಡಿಸ್ಕಲ್ಲಿ ಜಾಗ ಸಾಲ್ದಂತೆ."

ಹುಟ್ಟಿನಿಂದ ಕಣ್ಣು ಕಾಣದ ಗಂಡನಿಗೆ ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರೇ ಓದಿ ಹೇಳುತ್ತಿತ್ತು. ಆ ದನಿ ಬಲು ಗೊಗ್ಗರು. ಇಂಪಾದ ಹೊಸ ದನಿ ಹಾಕಿಕೊಳ್ಳಲು ಬೆಳಿಗ್ಗೆ ಹೋದ, ಡಿಸ್ಕು ತುಂಬಿ ಕೆಲಸ ಅರ್ಧಕ್ಕೆ ನಿಂತಿತು, ಹಳೆಯ ದನಿಯೂ ಹೋಯಿತು. ಅತಿ ಆಸೆ ಗತಿಗೇಡು. ಇನ್ನೊಂದು ಗಂಟೆಗೆ ಶಾಲೆಯವರ ಆನ್‌ಲೈನ್ ಸಂದರ್ಶನ. ಕಂಪ್ಯೂಟರನ್ನು ಯಾರ ನೆರವೂ ಇಲ್ಲದೆ ನಡೆಸಿ ತೋರಿಸಿದರೆ ಮಾತ್ರ ಮೇಷ್ಟರ ಕೆಲಸ.

ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಒಯ್ಯುವ ರಿಸ್ಟೋರೇ ಈಗ ದಿಕ್ಕು. ಡಿಸ್ಕು ತುಂಬಿದಂತೆಲ್ಲ ಅದು ಕಾಪಾಡಿಟ್ಟಿದ್ದ ಹಳೆಯ ಸ್ಥಿತಿಗಳು ಅಳಿಸಿಹೋಗಿ, ಕಳೆದ ಸೋಮವಾರದ್ದೊಂದೇ ಉಳಿದಿತ್ತು. ಅದೂ ಹೋಗುವ ಮೊದಲು ಜಾಗ ಮಾಡಬೇಕು.

"ಅಷ್ಟೊಂದು ಏನ್ರೀ ತುಂಬ್ಕೊಂಡಿದೀರ?"

"ಶಬ್ದ," ಎಂದ ಯೋಗೇಂದ್ರ. ಬೇರೆಯವರು ಫೋಟೊ ತೆಗೆದಂತೆ ಅವನು ಹೋದಲ್ಲೆಲ್ಲ ಶಬ್ದ ಹಿಡಿದು ತರುತ್ತಿದ್ದ. "ಹೆಸರು ಓದ್ತಾ ಹೋಗು. ಶಿಫ್ಟ್ ಒತ್ಕೊಂಡೇ ಅಳಿಸು, ಇಲ್ದಿದ್ರೆ ಕಸದ ಬುಟ್ಟೀಲಿ ಕೂತಿರತ್ತೆ."

"ಮಾರ್ಕೆಟ್ಟು, ಹೂವಿನ ಸಾಲು."

"ಅಳಿಸು."

"ದತ್ತಗಳ್ಳಿ ಬಸ್ಸು."

"ತೆಗಿ, ನಾಳೆನೂ ಬರತ್ತೆ."

"ಚಿಕ್ಕಮಾದಯ್ಯನ ಸೈಕಲ್ ಬೆಲ್ಲು. ಸೊಪ್ಪಿನೋರದಾ?"

"ಅವ್ರದೇ. ಅಳಿಸ್ಬುಡು."

ಇಬ್ಬರಿಗೂ ಹುರುಪೇರಿತು. ಚೌಕಾಬಾರದಲ್ಲಿ ಕಾಯಿ ಹೊಡೆಯುವವರಂತೆ ಅವಳು ಕೂಗುವುದು, ಅವನು ತೀರ್ಪು ಕೊಡುವುದು. ಕೊನೆಗೆ ಬಿಂದು ಕೈ ತಡೆದಳು.

"ಇದೊಂದೇ ಉಳ್ದಿರೋದು. ಮಿಕ್ಕಿದ್ದೆಲ್ಲ ಸೇರುದ್ರೂ ಇದ್ರಷ್ಟಿರ್ಲಿಲ್ಲ. 'ಬಿಂದು' ಅಂತ ನನ್ನ ಹೆಸರಿದೆ."

"ಅದನ್ನ ಬುಟ್ಟು ರಿಸ್ಟೋರ್ ಒತ್ತು."

ಒತ್ತಿದಳು. ಮತ್ತೆ ಜಾಗ ಸಾಲದೆಂದೇ ಬಂತು. ಅದನ್ನು ಸಾಗಿಸೋಣವೆಂದರೆ ಪೆನ್‌ಡ್ರೈವೂ ಭರ್ತಿ.

"ಏನಿದೆ ಇದ್ರೊಳಗೆ?"

"ಒಬ್ಳೇ ಇದೀನಿ ಅಂದ್ಕೊಂಡು ಅಡುಗೆಮನೇಲಿ ಹಾಡ್ಕೊತೀಯಲ್ಲ. ಮದ್ವೆ ಆದಾಗಿಂದ ಹಿಡ್ದಿಟ್ಟಿದೀನಿ."

ಬಿಂದುವಿಗೆ ನಾಚಿಕೆಯೂ ಬಂತು, ಸಿಟ್ಟೂ ಬಂತು. "ಕದ್ದು?"

"ಕೇಳುದ್ರೆ ನೀನೆಲ್ಲಿ ಹಾಡ್ತೀಯ?"

"ನಾನೇ ಮನೇಲಿದೀನಲ್ಲ ರೀ," ಎಂದಳು. ಅಳಿಸುವ ಕೀಲಿ ಒತ್ತಿದ ಸದ್ದಾಯಿತು. "ಸರಿ, ಈಗ ರಿಸ್ಟೋರ್ ಒತ್ತು," ಎಂದ ಯೋಗೇಂದ್ರ.

ಈ ಸಲ ರಿಸ್ಟೋರ್ ಶುರುವಾಯಿತು. ಬಿಂದು ಶೇಕಡಾ ಲೆಕ್ಕ ಓದುತ್ತ ಗಂಡನ ಭುಜ ಹಿಡಿದೇ ನಿಂತಳು. ಯಂತ್ರ ಆರಿತು, ಹೊತ್ತಿತು, ಸುಮ್ಮನಿತ್ತು. ಆಮೇಲೆ ಅದೇ ಗೊಗ್ಗರು ದನಿ "ಸ್ವಾಗತ" ಎಂದಿತು.

"ಬಂತು ಕಣೆ!" ಅವನು ಮೇಜು ಗುದ್ದಿ ನಕ್ಕ. ಅವಳು ಹಿಂದೆ ಸರಿದ ಭರಕ್ಕೆ ಕಾಲು ತಾಗಿ ಮೊರ ಮಗುಚಿತು, ಅವರೆಕಾಳು ನೆಲದ ತುಂಬ ಉರುಳಿತು. ಬೈಯಬೇಕಾದವಳೂ ನಗುತ್ತಿದ್ದಳು.

ಸಂದರ್ಶನದ ಹೊತ್ತಾಯಿತು. "ನಾನು ಒಳಗಿರ್ತೀನಿ, ಸದ್ದು ಮಾಡಲ್ಲ," ಎಂದು ಅವಳು ಅಡುಗೆಮನೆಗೆ ಹೊರಟಳು.

"ಬಾಗ್ಲು ಹಾಕ್ಬೇಡ," ಎಂದ ಯೋಗೇಂದ್ರ.

ಆ ಕಡೆಯವರು ನಮಸ್ಕಾರ ಹೇಳಿದರು. ಅವನು ಹೆಡ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಅಡುಗೆಮನೆಯ ಕಡೆಗೆ ಬಿಟ್ಟು, ನಮಸ್ಕಾರ ಹೇಳಿದ.