ಸರಸ್ವತಿಯ ಮುಂದಿನ ಪೆನ್‌ಡ್ರೈವ್

ಅಮೆರಿಕದ ವಾಲ್‌ನಟ್ ಊರಿನ ಕೇಶವಮೂರ್ತಿಗೆ ಸಿಗರೇಟು ಸೇದುವವರೆಂದರೆ ಕಾಲಕಸ. ಡೆಲ್ ಮಾರ್ ಊರಿನ ಗೆಳೆಯ ಸೋಮನಾಥನ ಮಗ ಶಾಲೆಯಲ್ಲಿ ಸೇದುತ್ತ ಸಿಕ್ಕಿಬಿದ್ದಾಗ, ಕನ್ನಡ ಸಂಘದವರಿಗೆಲ್ಲ ಫೋನ್ ಮಾಡಿ ಮರುಕಪಟ್ಟದ್ದೇ ಪಟ್ಟದ್ದು. ಅಷ್ಟು ಖುಷಿಯಾಗಿ ಅವನು ಇನ್ನಾರಿಗೂ ಮರುಗಿದವನಲ್ಲ. ಸಂಸ್ಕಾರವಿದ್ದ ಮನೆಯಲ್ಲಿ ಇಂಥದ್ದು ನಡೆಯುವುದಿಲ್ಲ ಎಂಬುದನ್ನು ಪ್ರತಿ ಸಲವೂ ಸೇರಿಸುತ್ತಿದ್ದ.

ಅವನ ಮಗಳು ಪ್ರೇರಣಾ ಹೈಸ್ಕೂಲಿನಲ್ಲಿದ್ದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಬೇಸಿಗೆಯಿಂದ ಕೆಮ್ಮುತ್ತಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ಎಲ್ಲ ಕಾಡ್ಗಿಚ್ಚಿನ ಹೊಗೆಯ ಕಾಟ ಎಂದು ಕೇಶವಮೂರ್ತಿ ತೀರ್ಮಾನಿಸಿದ. ಅವಳ ಕೋಣೆಯಿಂದ ಸದಾ ಬರುತ್ತಿದ್ದ ಮಾವಿನಹಣ್ಣಿನ ಘಮಕ್ಕೆ ಕಾರಣ ಹುಡುಕಲಿಲ್ಲ. ದೊಡ್ಡ ಇಂಜಿನಿಯರು, ಮೂಗು ಮಾತ್ರ ಅಲಂಕಾರಕ್ಕೆ.

ನವರಾತ್ರಿಯ ಸರಸ್ವತಿ ಪೂಜೆಗೆ ಮಗಳ ಪುಸ್ತಕ, ಲ್ಯಾಪ್‌ಟಾಪ್‌ಗಳನ್ನು ಅವನೇ ಜೋಡಿಸಿದ. ಅವಳ ಬ್ಯಾಗಿನ ತಳದಲ್ಲಿ ನೀಲಿ ಪೆನ್‌ಡ್ರೈವ್ ಒಂದು ಸಿಕ್ಕಿತು. ಅದೂ ವಿದ್ಯೆಯದ್ದೇ ತಾನೆ ಎಂದು ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಬಂದವರ ಎದುರು ಮಂಗಳಾರತಿ ಎತ್ತಿದ. ಆರತಿ ತೆಗೆದುಕೊಳ್ಳಲು ಬಾಗಿದ ಸೋಮನಾಥ ಅದನ್ನು ಕಂಡ. ಗೆಳೆಯನನ್ನು ಪಕ್ಕಕ್ಕೆ ಕರೆದು, ಅದು ಪೆನ್‌ಡ್ರೈವ್ ಅಲ್ಲ, ಹಣ್ಣಿನ ಘಮದ ಹೊಗೆಯಲ್ಲಿ ನಿಕೋಟಿನ್ ಎಳೆಯುವ ವೇಪ್ ಎಂಬ ಇ-ಸಿಗರೇಟು, ತನ್ನ ಮಗನೂ ಇದರಿಂದಲೇ ಶುರುಮಾಡಿದ್ದು, ತಡಮಾಡದೆ ಡಾಕ್ಟರಿಗೆ ತೋರಿಸು ಎಂದು ಮೆಲ್ಲಗೆ ಹೇಳಿದ.

ಕೇಶವಮೂರ್ತಿ ಇಂಗು ತಿಂದ ಮಂಗನಂತಾದ. ಜನ ಹೋದ ಮೇಲೆ ಮಗಳ ಮೇಲೆ ಹಾರಾಡಿದ. ಮಾನ ಹೋಯಿತು ಎಂದನೇ ಹೊರತು, ಎಷ್ಟು ದಿನದಿಂದ ಎಳೆಯುತ್ತಿದ್ದೀಯ, ಎದೆ ನೋಯುತ್ತದೆಯೇ ಎಂದು ಕೇಳುವ ಯೋಗ್ಯತೆ ಆ ಮನುಷ್ಯನಿಗೆ ಇರಲಿಲ್ಲ.

ಮಾರನೆಯ ಬೆಳಗ್ಗೆ ಪ್ರೇರಣಾ ಉಸಿರು ಸಿಗದೆ ಅಡುಗೆಮನೆಯಲ್ಲಿ ಕುಸಿದಳು. ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕದ ಮಾಸ್ಕ್ ಹಾಕಿದ ಅಮೆರಿಕನ್ ಡಾಕ್ಟರಮ್ಮ, ಹುಡುಗಿ ವೇಪ್ ಮಾಡುತ್ತಾಳೆಯೇ, ಗೊತ್ತಾದರೆ ಸರಿಯಾದ ಔಷಧಿ ಈಗಲೇ ಶುರುಮಾಡಬಹುದು ಎಂದು ಕೇಳಿದಳು. ಕೇಶವಮೂರ್ತಿಗೆ ಕಂಡದ್ದು ಔಷಧಿಯಲ್ಲ, ಕನ್ನಡ ಸಂಘದ ಫೋನುಗಳು. ತಮ್ಮದು ಅಂಥ ಮನೆಯಲ್ಲ ಎಂದುಬಿಟ್ಟ.

ಪ್ರೇರಣಾ ಮಾಸ್ಕ್ ಸರಿಸಿದಳು. ಅಪ್ಪನೇ ಹೇಳಲಿ ಎಂದೋ ಏನೋ, ಕನ್ನಡದಲ್ಲೇ ಮಾತಾಡಿದಳು.

"ನಿಜ ಹೇಳಪ್ಪಾ. ನಂಗೆ ಉಸಿರಾಡೋಕ್ಕಾಗ್ತಿಲ್ಲ."

ಅವಳೇನಂದಳು ಎಂದು ಡಾಕ್ಟರಮ್ಮ ಕೇಳಿದಳು.

ನೀರು ಕೇಳುತ್ತಿದ್ದಾಳೆ, ಎಂದ ಕೇಶವಮೂರ್ತಿ.