ಯಾರ ಗೇಣು

ಎಳ್ಳಿನ ಸಸಿಗಳು ಆಗಷ್ಟೇ ನಾಲ್ಕು ಎಲೆ ಬಿಟ್ಟಿದ್ದವು. ಒಂದರ ಬುಡಕ್ಕೆ ಹೆಬ್ಬೆರಳಿಟ್ಟು ಕೈ ಅಗಲಿಸಿ, ಕಿರುಬೆರಳು ಮುಟ್ಟಿದಲ್ಲಿ ಇನ್ನೊಂದನ್ನು ಉಳಿಸಿ, ನಡುವಿನವನ್ನೆಲ್ಲ ಕೀಳುತ್ತಾ ಹೋದೆ. ಬದುವಿನ ಮೇಲೆ ನಿಂತಿದ್ದ ಅತ್ತೆಗೆ ಅದನ್ನು ನೋಡಲಾಗಲಿಲ್ಲ.

"ಹುಟ್ಟಿದ್ದನ್ನ ಕೀಳೋಕೆ ಕೈಯಾದ್ರೂ ಹೇಗೆ ಬರುತ್ತೆ ನಿಂಗೆ?"

"ಉಳಿದದ್ದು ಉಸಿರಾಡಲಿ ಅಂತ, ಅತ್ತೆ."

"ಉಸಿರು ಕಟ್ಟುತ್ತೆ ಅಂತ ನಿನ್ನ ಕಿವೀಲಿ ಬಂದು ಹೇಳಿದ್ವೇನೋ."

ಇಪ್ಪತ್ತೆರಡು ವರ್ಷ ಆ ಹೊಲದಲ್ಲಿ ಕಳೆ ಕಿತ್ತಿದ್ದೆ, ಕೊಯ್ದಿದ್ದೆ. ಬೀಜದ ಡಬ್ಬಿ ಮಾತ್ರ ಅತ್ತೆಯ ಕೈಯಲ್ಲೇ ಇತ್ತು. ಈ ಸಲ ಬಿತ್ತನೆಗೆ ಮುಂಚೆ ಬಾಯಿಬಿಟ್ಟು ಕೇಳಿದೆ. ಅರ್ಧ ಹೊಲ ಬಿಟ್ಟುಕೊಟ್ಟರು. "ನನ್ನ ಅರ್ಧಕ್ಕಿಂತ ಒಂದು ಸೇರು ಕಮ್ಮಿ ಬಂದ್ರೂ ಇನ್ನು ಮೇಲೆ ಬಿತ್ತನೆ ವಿಷಯಕ್ಕೆ ಬಾಯಿ ಹಾಕಬಾರದು," ಎಂದರು. ಒಪ್ಪಿದೆ.

ಹೆದರಿಕೆ ಇರಲಿಲ್ಲ. ಪ್ರತಿ ವರ್ಷ ನೋಡುತ್ತಿದ್ದೆನಲ್ಲ: ಬದುವಿನಂಚಿನ ಒಂಟಿ ಗಿಡ ನಾಲ್ಕಾರು ಕವಲೊಡೆದು ಬುಡದಿಂದಲೇ ಕಾಯಿ ಕಟ್ಟುತ್ತಿತ್ತು. ಒಳಗೆ ಒತ್ತಾಗಿ ನಿಂತವು ಕಡ್ಡಿಯಂತೆ ಎತ್ತರಕ್ಕೆ ಹೋಗಿ ತುದಿಯಲ್ಲಿ ಒಂದಿಷ್ಟು ಕಾಯಿ ಬಿಡುತ್ತಿದ್ದವು. ಹನ್ನೊಂದು ಜನರ ಮನೆಗೆ ಸೊಸೆಯಾಗಿ ಬಂದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬಿತ್ತುವಾಗ ಸಾಲಿನಡಿ ಸ್ವಲ್ಪ ಗೊಬ್ಬರ, ತಿಂಗಳಾದಾಗ ಒಮ್ಮೆ ಅಳತೆಯ ಯೂರಿಯಾ, ಅಷ್ಟಕ್ಕೆ ನಿಲ್ಲಿಸಿದೆ. ಗಿಡ ಹೂ ಬಿಡುವ ಹೊತ್ತಿಗೆ ಅತ್ತೆ ಮತ್ತೊಮ್ಮೆ ಹಿಡಿಹಿಡಿಯಾಗಿ ಎರಚಿದರು. ಅವರ ಕಡೆ ಎದೆಯೆತ್ತರದ ಕಡುಹಸಿರು.

"ನಿನ್ನ ಕಡೆ ನೆಲ ಕಾಣ್ತಿದೆ ಕಣೇ," ಎಂದರು ನಮ್ಮವರು. "ಅಮ್ಮಂದು ನೋಡು, ಕಾಡು."

"ಹೋಗಿ, ಆ ಕಾಡಲ್ಲಿ ಎಳ್ಳು ಹುಡುಕ್ಕೊಳ್ಳಿ."

ಅತ್ತೆಗೇ ನನ್ನ ಮೇಲೆ ಕನಿಕರ ಬಂತು. ಬಕೆಟ್ಟಿನಲ್ಲಿ ಯೂರಿಯಾ ತಂದು ಮುಂದಿಟ್ಟರು. "ಒಂದು ಹಿಡಿ ಎರಚೇ, ಮಾನ ಉಳಿಯುತ್ತೆ."

"ಅವಕ್ಕೆ ಹೊಟ್ಟೆ ತುಂಬಿದೆ ಅತ್ತೆ. ಈಗ ಬಡಿಸಿದ್ರೆ ಸೊಪ್ಪು ಬರುತ್ತೆ ಅಷ್ಟೆ."

ಅವರು ಹೋದ ಮೇಲೆ ಕೂತು ಕಾಯಿ ಎಣಿಸಿದೆ. ನನ್ನ ಒಂದು ಗಿಡದಲ್ಲಿ ಎಪ್ಪತ್ತಾರು, ಅವರದೊಂದರಲ್ಲಿ ಹತ್ತೊಂಬತ್ತು. ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಗಾಳಿ ಬೀಸಿತು. ಅತ್ತೆಯ ಕಡೆ ಅರ್ಧಕ್ಕರ್ಧ ನೆಲಕ್ಕೊರಗಿತು. ನನ್ನವು ತಲೆದೂಗಿ ಮತ್ತೆ ನೆಟ್ಟಗೆ ನಿಂತವು.

ಬುಡದ ಕಾಯಿ ಹಳದಿಯಾದಾಗ ಕೊಯ್ದು, ಕಟ್ಟು ಕಟ್ಟಿ ನಿಲ್ಲಿಸಿ ಒಣಗಿಸಿ, ತಾಡಪಾಲಿನ ಮೇಲೆ ತಲೆಕೆಳಗು ಮಾಡಿ ಕೊಡವಿದೆವು. ಅಳೆದವರು ಅತ್ತೆಯೇ. ಪ್ರತಿ ಸೇರಿಗೂ ಅಂಗೈಯಿಂದ ಮೇಲ್ಭಾಗ ಸವರಿ, ಒಂದು ಕಾಳಿಗೂ ಮೋಸವಿಲ್ಲದಂತೆ ಅಳೆದರು. ಅವರದು ಹತ್ತೊಂಬತ್ತು ಸೇರು. ನನ್ನದು ಮೂವತ್ತೊಂದು. ನನ್ನದನ್ನು ಇನ್ನೊಮ್ಮೆ ಅಳೆದರು. ಆಗಲೂ ಮೂವತ್ತೊಂದೇ.

ಸೇರನ್ನು ಪಕ್ಕಕ್ಕಿಟ್ಟು, "ಕೈ ಚಾಚು," ಎಂದರು.

ಚಾಚಿದೆ. ನನ್ನ ಗೇಣಿನ ಮೇಲೆ ತಮ್ಮ ಗೇಣಿಟ್ಟು ನೋಡಿದರು. ವಯಸ್ಸಿಗೆ ಸೊಟ್ಟಗಾದ ಅವರ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಎರಡು ಬೆರಳಗಲ ಕಡಿಮೆ ಬಂತು.

"ನನ್ನ ಕೈಯಲ್ಲಿ ಅಳೆದ್ರೆ ಮತ್ತೆ ಒತ್ತಾಗುತ್ತೆ," ಎಂದು ಒಣಗಿದ ಎಳ್ಳುಕಡ್ಡಿಯೊಂದನ್ನು ನನ್ನ ಗೇಣಿನುದ್ದಕ್ಕೆ ಮುರಿದರು. ಅದನ್ನು ಬೀಜದ ಡಬ್ಬಿಯೊಳಗಿಟ್ಟು ಮುಚ್ಚಿ, ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

"ಇಡೀ ಹೊಲಕ್ಕೆ ಇದೇ ಅಳತೆ. ಕೀಳೋದು ಮಾತ್ರ ನೀನೇ. ನನ್ನ ಕೈಲಾಗಲ್ಲ."